ಓಟ ಜಾಸ್ತಿಯಾಯ್ತು, ತಟ್ಟೆ ಹಾಗೇ ಉಳೀತು

ಕಳೆದ ವರ್ಷ ಹಾವೇರಿ ಕಡೆ ನಮ್ಮ ಕಾಕಾನ ಮಗಳ ಮದುವೆ. ಪ್ಯಾಂಟು ಜಾರುತ್ತಿತ್ತು ಅಂತ ಬೆಲ್ಟಿಗೆ ಮೊಳೆಯಿಂದ ಹೊಸದೊಂದು ತೂತು ಹೊಡೆದುಕೊಂಡು ಹೋಗಿದ್ದೆ. ಮಂಟಪದ ಬಾಗಿಲಲ್ಲೇ ಅತ್ತೆ ಕೈ ಹಿಡಿದು ನಿಲ್ಲಿಸಿದರು. "ಯಾಕಪಾ, ಇಷ್ಟ್ ಸೊರಗೀದಿ? ಸಕ್ರಿ ಬ್ಯಾನಿ ಏನರ ಬಂದೈತೇನ?" ಹಾಗೇನಿಲ್ಲ, ದಿನಾ ಬೆಳಿಗ್ಗೆ ಎಂಟು ಕಿಲೋಮೀಟರ್ ಓಡ್ತೀನಿ, ಅದಕ್ಕೇ ಅಂದೆ. "ಓಡೂದ್ಯಾಕ? ಯಾರರ ಬೆನ್ನ ಹತ್ಯಾರೇನ?" ಅಂತ ಕೇಳಿ ನನ್ನನ್ನು ಸೀದಾ ಊಟದ ಪಂಕ್ತಿಯಲ್ಲಿ ಕೂರಿಸಿದರು.

ಅವತ್ತು ಅದೇ ಪ್ರಶ್ನೆಯನ್ನು ಇನ್ನೂ ನಾಲ್ಕೈದು ಜನ ಕೇಳಿದರು. ಮೈಸೂರಿಗೆ ವಾಪಸ್ ಬಂದವನೇ ರಕ್ತ ಪರೀಕ್ಷೆ ಮಾಡಿಸಿದೆ. ಸಕ್ಕರೆ ಸರಿ ಇತ್ತು, ಥೈರಾಯ್ಡ್ ಕೂಡ ಸರಿ ಇತ್ತು. ಸರಿ ಇಲ್ಲದ್ದು ತೂಕ ಒಂದೇ. ನಾಲ್ಕು ತಿಂಗಳ ಹಿಂದೆ 62 ಕಿಲೋ ಇದ್ದವನು 56.5ಕ್ಕೆ ಇಳಿದಿದ್ದೆ. ನನ್ನ ಎತ್ತರ 170 ಸೆಂಟಿಮೀಟರ್. ಕರಗಿಸೋಕೆ ನನ್ನಲ್ಲಿ ಹೆಚ್ಚೇನೂ ಇರಲಿಲ್ಲ, ಕರಗಿಸಬೇಕು ಅಂತ ಆಸೆಯೂ ಇರಲಿಲ್ಲ. ಹಾಫ್ ಮ್ಯಾರಥಾನ್ ಓಡಬೇಕು ಅಂತ ಶುರು ಮಾಡಿದ್ದೆ, ಅಷ್ಟೇ. ಜತೆಗೆ, ಓಡುವವನು "ಹೆಲ್ದಿ"ಯಾಗಿ ತಿನ್ನಬೇಕು ಅಂತ ತಿಂಡಿ, ಕರಿದದ್ದು, ತುಪ್ಪ ಎಲ್ಲ ಬಿಟ್ಟಿದ್ದೆ.

ಹೊಟ್ಟೆ ತುಂಬಾ ತಿನ್ನುತ್ತಿದ್ದೆ ಅನ್ನೋದೇ ಇಲ್ಲಿನ ವಿಚಿತ್ರ. ಉಪವಾಸ ಇರಲಿಲ್ಲ, ಹಸಿದುಕೊಂಡು ಮಲಗಿದ್ದೂ ಇಲ್ಲ. ಹಾಗಿದ್ದೂ ದಿನಾ ಕೊರತೆ. ಹೊಟ್ಟೆ ತುಂಬೋದು ಬೇರೆ, ಮೈಗೆ ಸಾಲೋದು ಬೇರೆ ಅಂತ ಗೊತ್ತಾಗೋಕೆ ನನಗೆ ಒಂದು ಅಡುಗೆಮನೆ ತಕ್ಕಡಿ ಬೇಕಾಯ್ತು.

ಒಲೆ ಎಷ್ಟು ಸೌದೆ ಕೇಳುತ್ತೆ

ಸುಮ್ನೆ ಮಲಗಿದ್ದರೂ ಮೈಯೊಳಗಿನ ಒಲೆ ಆರುವುದಿಲ್ಲ. ಹೃದಯ ಬಡಿಯಬೇಕು, ಉಸಿರಾಡಬೇಕು, ಮೈ ಬಿಸಿ ಇರಬೇಕು, ಮಿದುಳು ಕೆಲಸ ಮಾಡಬೇಕು. ಇದಕ್ಕೆ ಬೇಕಾಗುವ ಶಕ್ತಿಯನ್ನು ಅಂದಾಜು ಮಾಡೋಕೆ ಆಹಾರ ತಜ್ಞರು 1990ರಿಂದ ಬಳಸುತ್ತಿರುವ ಒಂದು ಸೂತ್ರ ಇದೆ. ತೂಕವನ್ನು ಹತ್ತರಿಂದ ಗುಣಿಸಿ, ಸೆಂಟಿಮೀಟರ್ ಲೆಕ್ಕದ ಎತ್ತರವನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ಅದರಲ್ಲಿ ವಯಸ್ಸಿನ ಐದು ಪಟ್ಟು ಕಳೆಯಿರಿ. ಗಂಡಸರಾದರೆ ಐದು ಸೇರಿಸಿ, ಹೆಂಗಸರಾದರೆ 161 ಕಳೆಯಿರಿ. 34 ವರ್ಷದ ನನಗೆ, 62 ಕಿಲೋ ಇದ್ದಾಗಿನ ಲೆಕ್ಕದಲ್ಲಿ, ಬಂದದ್ದು ಸುಮಾರು 1,520 ಕ್ಯಾಲರಿ. ಇಡೀ ದಿನ ಹಾಸಿಗೆ ಬಿಟ್ಟು ಏಳದಿದ್ದರೂ ಇಷ್ಟು ಬೇಕು.

ನಾನು ಕುರ್ಚಿ ಕೆಲಸದವನು. ಏಳೋದು, ಕೂರೋದು, ಬಸ್ಸು ಹತ್ತೋದು, ಮೆಟ್ಟಿಲು ಏರೋದು ಎಲ್ಲಾ ಸೇರಿದರೆ ಅದರ 1.4 ಪಟ್ಟು, ಅಂದರೆ 2,100 ಚಿಲ್ಲರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಂಕಿಯೂ ಇದರ ಹತ್ತಿರವೇ ಇದೆ. ಕೂತು ಕೆಲಸ ಮಾಡುವ 65 ಕಿಲೋ ಗಂಡಸಿಗೆ ದಿನಕ್ಕೆ 2,110, 55 ಕಿಲೋ ಹೆಂಗಸಿಗೆ 1,660. ಮೈ ಬಗ್ಗಿಸಿ ದುಡಿಯುವ ಗಂಡಸಿಗೆ ಅದೇ ಸಂಸ್ಥೆ ಹೇಳೋದು 3,470. ನಮ್ಮಜ್ಜ ನೇಗಿಲು ಹೂಡಿ ಬಂದು ಬೆಣ್ಣೆ ಹಚ್ಚಿದ ರೊಟ್ಟಿಯನ್ನು ಎಣಿಸದೆ ತಿನ್ನುತ್ತಿದ್ದುದು ಹೊಟ್ಟೆಬಾಕತನದಿಂದ ಅಲ್ಲ ಅಂತ ಈ ಅಂಕಿ ನೋಡಿದ ಮೇಲೆ ಅರ್ಥವಾಯ್ತು.

ಇದಕ್ಕೆ ಓಟ ಸೇರಿಸಿ. ಓಟದ ಲೆಕ್ಕ ಸುಲಭ. ನಿಧಾನ ಓಡಿ, ಜೋರಾಗಿ ಓಡಿ, ಹೆಚ್ಚು ಕಡಿಮೆ ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರಿಗೆ, ಒಂದು ಕ್ಯಾಲರಿ. 62 ಕಿಲೋ ಇದ್ದ ನಾನು ಎಂಟು ಕಿಲೋಮೀಟರ್ ಓಡಿದರೆ ಐನೂರರ ಹತ್ತಿರ. ಆ ಮುಕ್ಕಾಲು ಗಂಟೆ ಸುಮ್ನೆ ಕೂತಿದ್ದರೂ ಖರ್ಚಾಗುತ್ತಿದ್ದುದನ್ನು ಕಳೆದರೆ 430 ಅನ್ನಿ. ಎಲ್ಲ ಕೂಡಿದರೆ ನನಗೆ ದಿನಕ್ಕೆ ಬೇಕಾಗಿದ್ದು ಸುಮಾರು 2,550.

ನಮ್ಮ ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಯಾರಾದರೂ ಎರಡನೇ ಸಲ ಬಡಿಸಿಕೊಂಡರೆ ಸಾಕು, "ಒಪ್ಪೊತ್ತುಂಡವ ಯೋಗಿ, ಎರಡೊತ್ತುಂಡವ ಭೋಗಿ, ಮೂರೊತ್ತುಂಡವ ರೋಗಿ" ಅಂತ ಶುರು ಮಾಡುತ್ತಾರೆ. ಯೋಗಿ ಬೆಳಿಗ್ಗೆ ಐದಕ್ಕೆ ಎದ್ದು ಕುಕ್ಕರಹಳ್ಳಿ ಕೆರೆ ಸುತ್ತ ಓಡುತ್ತಿರಲಿಲ್ಲ ಅಲ್ವಾ.

ತಕ್ಕಡಿ ಹೇಳಿದ್ದು

ಮದುವೆಯಿಂದ ಬಂದ ವಾರ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದೆ. ಮೂರು ದಿನ ತಿನ್ನೋದನ್ನೆಲ್ಲ ತೂಗಿ ಬರೆದಿಟ್ಟೆ. ಜೀವನಪೂರ್ತಿ ಹೀಗೆ ಮಾಡಬೇಕಿಲ್ಲ, ಮಾಡಲೂಬಾರದು, ತಲೆ ಕೆಡುತ್ತೆ. ಮೂರು ದಿನ ಸಾಕು.

ಬೆಳಿಗ್ಗೆ ಓಡುವ ಮುಂಚೆ ಒಂದು ಏಲಕ್ಕಿ ಬಾಳೆಹಣ್ಣು, 55 ಕ್ಯಾಲರಿ. ಬಂದು ಸ್ನಾನ ಮಾಡಿ ಹಾಲಿನಲ್ಲಿ ಬೇಯಿಸಿದ ಓಟ್ಸ್, ಜತೆಗೆ ದೊಡ್ಡ ಬಟ್ಟಲು ಪಪಾಯ. ಬಟ್ಟಲು ನೋಡಿದರೆ ಇಬ್ಬರಿಗೆ ಸಾಕು ಅನ್ನಿಸುತ್ತೆ, ಲೆಕ್ಕ ಹಾಕಿದರೆ 380. ಮಧ್ಯಾಹ್ನ ಎಣ್ಣೆ ಇಲ್ಲದ ಮೂರು ಚಪಾತಿ, ಪಲ್ಯ, ಬೇಳೆ ಸಾರು, ಸೌತೆಕಾಯಿ, ಮಜ್ಜಿಗೆ ಸೇರಿ 680. ಸಂಜೆ ಬೇಯಿಸಿದ ಮೊಳಕೆ ಕಾಳು, ಒಂದು ಸೇಬು, 200. ರಾತ್ರಿ ಒಂದು ರಾಗಿ ಮುದ್ದೆ, ಸೊಪ್ಪಿನ ಸಾರು, ಹಳದಿ ತೆಗೆದ ಎರಡು ಮೊಟ್ಟೆ, ಟೊಮ್ಯಾಟೊ, ಮಲಗುವ ಮುಂಚೆ ಅರಿಶಿನ ಹಾಕಿದ ಹಾಲು. ಎಲ್ಲ ಸೇರಿ 620 ಚಿಲ್ಲರೆ.

ಕೂಡಿಸಿ ನೋಡಿ. ಎರಡು ಸಾವಿರವೂ ಮುಟ್ಟಲಿಲ್ಲ.

ದಿನಕ್ಕೆ ಆರುನೂರು ಕಡಿಮೆ. ಶನಿವಾರ, ಭಾನುವಾರ ಹೊರಗಿನ ದೋಸೆ, ಗೆಳೆಯರ ಮನೆ ಊಟ ಅಂತ ಒಂದಿಷ್ಟು ತುಂಬಿಕೊಳ್ಳುತ್ತಿತ್ತು. ಆದರೂ ವಾರಕ್ಕೆ ಎರಡೂವರೆ ಸಾವಿರದ ಕೊರತೆ ಉಳಿಯುತ್ತಿತ್ತು. ಮೈಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತೆ. ಮೂರು ವಾರಕ್ಕೆ ಹತ್ತಿರಹತ್ತಿರ ಒಂದು ಕಿಲೋ. ನಾಲ್ಕು ತಿಂಗಳಿಗೆ ಐದೂವರೆ. ಅತ್ತೆ ಹೇಳಿದ್ದು ಸರಿ ಇತ್ತು, ಕಾರಣ ಮಾತ್ರ ಸಕ್ರಿ ಬ್ಯಾನಿ ಅಲ್ಲ.

ಮೇಲಿನ ಪಟ್ಟಿಯಲ್ಲಿ ಕೆಟ್ಟ ಆಹಾರ ಒಂದಾದರೂ ಇದೆಯಾ ಹುಡುಕಿ. ಇಲ್ಲ. ಗುಟ್ಟು ಇರೋದೇ ಅಲ್ಲಿ. ಹೊಟ್ಟೆಯ ಗೋಡೆಯಲ್ಲಿರುವ ನರಗಳಿಗೆ ಕ್ಯಾಲರಿ ಎಣಿಸೋಕೆ ಬರಲ್ಲ. ಅವಕ್ಕೆ ಗೊತ್ತಾಗೋದು ಹೊಟ್ಟೆ ಎಷ್ಟು ಹಿಗ್ಗಿತು ಅನ್ನೋದು. ನೂರು ಗ್ರಾಂ ಸೌತೆಕಾಯಿಯಲ್ಲಿ ಹದಿನೈದು ಕ್ಯಾಲರಿ. ಪಪಾಯದಲ್ಲಿ ನಲವತ್ತರ ಹತ್ತಿರ. ಅನ್ನದಲ್ಲಿ 130. ಶೇಂಗಾದಲ್ಲಿ ಐನೂರು ದಾಟುತ್ತೆ. ತುಪ್ಪದಲ್ಲಿ ಒಂಬೈನೂರು. ನೀರು ಮತ್ತು ನಾರು ಹೆಚ್ಚಿದ್ದಷ್ಟೂ ಹೊಟ್ಟೆ ಬೇಗ ತುಂಬುತ್ತೆ, ಶಕ್ತಿ ಕಡಿಮೆ ಸಿಗುತ್ತೆ.

ರಾಗಿ ಮುದ್ದೆಯನ್ನೇ ನೋಡಿ. ಮುನ್ನೂರು ಗ್ರಾಂ ಮುದ್ದೆ ತಿಂದರೆ ಕೈ ತೊಳೆದು ಗೋಡೆಗೆ ಒರಗಬೇಕು ಅನ್ನಿಸುತ್ತೆ. ಆದರೆ ಅದರಲ್ಲಿರೋದು ನೂರು ಗ್ರಾಂ ಹಿಟ್ಟು, ಉಳಿದದ್ದು ನೀರು. ಕ್ಯಾಲರಿ 320, ಅಷ್ಟೇ. ಇದು ಮುದ್ದೆಯ ತಪ್ಪಲ್ಲ. ತೂಕ ಇಳಿಸಬೇಕಾದವರಿಗೆ ಇದೇ ವರ. ಪತ್ರಿಕೆ, ಮೊಬೈಲು, ಟೀವಿ ಎಲ್ಲ ಕಡೆ ಬರುವ ಸಲಹೆ ತೂಕ ಇಳಿಸಬೇಕಾದವರಿಗೆ ಅಂತಲೇ ಮಾಡಿದ್ದು. ಸಲಾಡ್ ಮೊದಲು ತಿನ್ನಿ, ನೀರು ಕುಡಿದು ಊಟಕ್ಕೆ ಕೂರಿ, ಎಣ್ಣೆ ಬಿಡಿ, ಸೊಪ್ಪು ಜಾಸ್ತಿ ಮಾಡಿ. ಆ ಚೀಟಿಯನ್ನು ನಾನು ಎತ್ತಿಕೊಂಡು ಓಡಿದೆ. ಬೇರೆಯವರಿಗೆ ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗಿದ ಹಾಗೆ.

ಇದರ ಜತೆಗೆ ಇನ್ನೊಂದು ಆಟ ನಡೆಯುತ್ತೆ. ಜೋರಾಗಿ ಓಡಿ ಬಂದ ತಕ್ಷಣ ಹಸಿವೇ ಇರಲ್ಲ. ಹೊಟ್ಟೆಯಿಂದ ಹೊರಟು ಮಿದುಳಿಗೆ "ಹಸಿವು" ಅಂತ ಹೇಳುವ ಗ್ರೆಲಿನ್ ಎಂಬ ಹಾರ್ಮೋನು ಜೋರು ವ್ಯಾಯಾಮದ ನಂತರ ಸ್ವಲ್ಪ ಹೊತ್ತು ಕಡಿಮೆಯಾಗುತ್ತೆ. ಅದು ಮತ್ತೆ ಏರುವ ಹೊತ್ತಿಗೆ ನಾನು ಆಫೀಸಿನ ಮೀಟಿಂಗಿನಲ್ಲಿ ಇರುತ್ತಿದ್ದೆ. ಹಸಿವನ್ನೇ ನಂಬಿಕೊಂಡು ತಿನ್ನುವವನಿಗೆ ಆ ಊಟ ತಪ್ಪಿಯೇ ಹೋಗುತ್ತೆ.

ಮಿನೆಸೋಟದ 36 ಜನ

ಕೊರತೆ ಬಿದ್ದರೆ ಮೈ ಏನು ಮಾಡುತ್ತೆ ಅನ್ನೋದು ಗೊತ್ತಾಗಿದ್ದು ಒಂದು ಕಠಿಣ ಪ್ರಯೋಗದಿಂದ. ಎರಡನೇ ಮಹಾಯುದ್ಧದ ಕೊನೆಯ ದಿನಗಳು. ಹಸಿದ ಯುರೋಪಿನ ಜನರಿಗೆ ಮತ್ತೆ ಹೇಗೆ ಉಣಿಸಬೇಕು ಅಂತ ತಿಳಿಯಬೇಕಿತ್ತು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಸೇರಿಸಿದರು. ಯುದ್ಧ ಮಾಡಲ್ಲ ಅಂತ ನಿಂತ, ಅದರ ಬದಲು ಈ ಕೆಲಸಕ್ಕೆ ತಾವಾಗಿ ಬಂದ ಹುಡುಗರು. 1945ರ ಫೆಬ್ರುವರಿಯಿಂದ 24 ವಾರ ಅವರಿಗೆ ಅರೆಹೊಟ್ಟೆ. ಆಲೂಗಡ್ಡೆ, ಗೆಡ್ಡೆಕೋಸಿನ ಜಾತಿಯ ತರಕಾರಿ, ಬ್ರೆಡ್ಡು, ಮ್ಯಾಕರೋನಿ. ಮೊದಲು ಮೂರು ಸಾವಿರದ ಮೇಲೆ ತಿನ್ನುತ್ತಿದ್ದವರಿಗೆ ಈಗ ಅದರ ಅರ್ಧದಷ್ಟು ಕ್ಯಾಲರಿ. ವಾರಕ್ಕೆ 35 ಕಿಲೋಮೀಟರ್ ನಡೆಯೋದು ಮಾತ್ರ ಕಡ್ಡಾಯ.

ಆರು ತಿಂಗಳಲ್ಲಿ ತೂಕದ ಕಾಲುಭಾಗ ಹೋಯಿತು. ಅದಕ್ಕಿಂತ ಕುತೂಹಲದ್ದು ಉಳಿದ ಬದಲಾವಣೆ. ಬೇಸಿಗೆಯಲ್ಲೂ ಚಳಿ ಅಂತ ಕಂಬಳಿ ಕೇಳಿದರು. ನಾಡಿ ನಿಧಾನವಾಯಿತು. ಸಿಡುಕು ಬಂತು, ಹೆಣ್ಣಿನ ಮೇಲಿನ ಆಸೆ ಹೋಯಿತು. ಅಡುಗೆ ಪುಸ್ತಕಗಳನ್ನು ಕಾದಂಬರಿ ಓದಿದ ಹಾಗೆ ಓದತೊಡಗಿದರು. ಮಲಗಿದ್ದಾಗ ಖರ್ಚಾಗುವ ಶಕ್ತಿ ನೂರಕ್ಕೆ ನಲವತ್ತರ ಹತ್ತಿರ ಇಳಿಯಿತು. ಆದಾಯ ಕಡಿಮೆಯಾದ ಮನೆಯಲ್ಲಿ ಒಂದೊಂದೇ ದೀಪ ಆರಿಸಿದ ಹಾಗೆ ಮೈ ಒಂದೊಂದೇ ಕೆಲಸ ಕಡಿಮೆ ಮಾಡಿತು.

ನನ್ನ ಕೊರತೆ ಅಷ್ಟೇನೂ ಇರಲಿಲ್ಲ, ಹೋಲಿಸಬಾರದು. ಆದರೆ ಈ ಕಥೆ ಓದಿದಾಗ ಮೈಸೂರಿನ ಏಪ್ರಿಲ್‌ನಲ್ಲಿ ನಾನು ಫ್ಯಾನು ಆರಿಸಿ ಮಲಗಿದ್ದು ನೆನಪಾಯಿತು. ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿದ್ದುದು, ಮೆಟ್ಟಿಲು ಹತ್ತುವಾಗ ತೊಡೆ ಭಾರ ಅನ್ನಿಸುತ್ತಿದ್ದುದು, ವಾರಗಟ್ಟಲೆ ಬಿಡದ ನೆಗಡಿ, ಸುಮ್ನೆ ಸುಮ್ನೆ ಎಲ್ಲರ ಮೇಲೆ ರೇಗುತ್ತಿದ್ದುದು. ಓಟ ಜಾಸ್ತಿಯಾಯಿತು ಅಂದುಕೊಂಡಿದ್ದೆ. ಜಾಸ್ತಿಯಾಗಿದ್ದು ಓಟವಲ್ಲ, ಕಡಿಮೆಯಾಗಿದ್ದು ಊಟ.

ಹೆಂಗಸರಲ್ಲಿ ಇದು ಇನ್ನೂ ಬೇಗ ಕಾಣಿಸುತ್ತೆ, ಯಾಕೆಂದರೆ ಮೈ ಮೊದಲು ನಿಲ್ಲಿಸುವ ಖರ್ಚುಗಳಲ್ಲಿ ಮುಟ್ಟೂ ಒಂದು. ನಮ್ಮ ಓಟದ ಗುಂಪಿನಲ್ಲಿದ್ದ ಒಬ್ಬರಿಗೆ ನಾಲ್ಕು ತಿಂಗಳು ಮುಟ್ಟು ನಿಂತಿತ್ತು. "ವ್ಯಾಯಾಮ ಮಾಡಿದರೆ ಹಾಗೇ" ಅಂತ ಯಾರೋ ಹೇಳಿದ್ದನ್ನು ನಂಬಿ ಸುಮ್ಮನಿದ್ದರು. ಹಾಗೇ ಅಲ್ಲ. ತಿಂದದ್ದು ಸಾಲದೆ ಹೀಗೆ ಮುಟ್ಟು ನಿಂತರೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದಿದೆ ಅಂತ ಅರ್ಥ, ಅದು ಇಳಿದರೆ ಮೂಳೆ ಸವೆಯುತ್ತೆ, ಸವೆದ ಮೂಳೆಯ ಮೇಲೆ ಓಡಿದರೆ ಸಣ್ಣ ಬಿರುಕು ಬೀಳುತ್ತೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೊಂದು ಹೆಸರಿಟ್ಟು, ಗಂಡಸರಿಗೂ ಇದು ಬರುತ್ತೆ ಅಂತ ಸೇರಿಸಿತು. ಚಿಕ್ಕದಾಗಿ ರೆಡ್-ಎಸ್ ಅನ್ನುತ್ತಾರೆ. ವ್ಯಾಯಾಮಕ್ಕೆ ಖರ್ಚಾಗಿ ಉಳಿದ ಶಕ್ತಿ ಮೈಯ ಉಳಿದ ಕೆಲಸಕ್ಕೆ ಸಾಲದೇ ಇರೋದು ಅಂತ ಅದರ ಅರ್ಥ.

ಇದನ್ನು ಲೆಕ್ಕ ಹಾಕೋದು ಹೀಗೆ. 52 ಕಿಲೋ ತೂಕದ ಹೆಂಗಸು, ಅದರಲ್ಲಿ ಕಾಲುಭಾಗ ಕೊಬ್ಬು ಅಂದುಕೊಳ್ಳಿ. ಕೊಬ್ಬು ಬಿಟ್ಟು ಉಳಿದದ್ದು 39 ಕಿಲೋ. ಮೊಬೈಲ್ ಆ್ಯಪ್ ಹೇಳಿತು ಅಂತ ದಿನಕ್ಕೆ 1,500 ತಿನ್ನುತ್ತಾರೆ, ವ್ಯಾಯಾಮದಲ್ಲಿ 400 ಹೋಗುತ್ತೆ. ಉಳಿದ 1,100ನ್ನು 39ಕ್ಕೆ ಹಂಚಿದರೆ ಕಿಲೋಗೆ 28. ನಲವತ್ತೈದರ ಹತ್ತಿರ ಇದ್ದರೆ ಒಳ್ಳೆಯದು, ಮೂವತ್ತಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ತೊಂದರೆ ಶುರು ಅನ್ನೋದು ಸಾಮಾನ್ಯ ಅಂದಾಜು. ಮೂವತ್ತು ಅನ್ನೋದು ಗೆರೆ ಎಳೆದ ಗಡಿಯೇನಲ್ಲ, ಒಬ್ಬೊಬ್ಬರ ಮೈ ಒಂದೊಂದು ಥರ. ಆದರೆ 1,500 ಅನ್ನೋದು ಕೂತೇ ಇರುವ ಹೆಂಗಸಿಗೂ ಕಡಿಮೆ ಅಂತ ಮೇಲೆ ನೋಡಿದ್ದೇವೆ. ಮೂರು ತಿಂಗಳು ಮುಟ್ಟು ಬರದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು, ಗುಂಪಿನಲ್ಲಿ ಕೇಳಿಕೊಂಡು ಕೂರಬಾರದು.

165 ಗ್ರಾಂ

ಹಾಗಾದರೆ ಆರುನೂರು ಕ್ಯಾಲರಿ ಎಲ್ಲಿಂದ ತರೋದು? ನಾನು ಮೊದಲು ಮಾಡಿದ ತಪ್ಪು, ಇದ್ದದ್ದನ್ನೇ ಜಾಸ್ತಿ ತಿನ್ನೋಕೆ ಹೋಗಿದ್ದು. ಎರಡನೇ ಮುದ್ದೆ ಅರ್ಧದಲ್ಲೇ ನಿಂತಿತು. ಮಾರನೇ ದಿನ ಓಡುವಾಗ ಹೊಟ್ಟೆ ಕುಲುಕಾಡಿತು. ಬರೀ ಸೌತೆಕಾಯಿಯಿಂದ ಆರುನೂರು ಕ್ಯಾಲರಿ ಬೇಕು ಅಂದರೆ ನಾಲ್ಕು ಕಿಲೋ ತಿನ್ನಬೇಕಾಗುತ್ತೆ.

ಉತ್ತರ ಸಿಕ್ಕಿದ್ದು ನಮ್ಮ ಕಡೆಯ ಗರಡಿ ಮನೆಯ ನೆನಪಿನಲ್ಲಿ. ಧಾರವಾಡ, ಬೆಳಗಾವಿ ಕಡೆ ಪೈಲ್ವಾನರ ಊಟಕ್ಕೆ "ಖುರಾಕು" ಅನ್ನುತ್ತಾರೆ. ಊಟ ಬೇರೆ, ಖುರಾಕು ಬೇರೆ. ಊಟ ಎಲ್ಲರಂತೆ. ಅದರ ಮೇಲೆ ನೆನೆಸಿದ ಬಾದಾಮಿ, ತುಪ್ಪ, ಗಟ್ಟಿ ಹಾಲು, ಅರೆದು ಮಾಡಿದ ಥಂಡಾಯಿ. ನೋಡೋಕೆ ಸ್ವಲ್ಪ, ಒಳಗೆ ಬಹಳ. ಸಾವಿರ ಬಸ್ಕಿ ಹೊಡೆಯುವವನಿಗೆ ಬರೀ ರೊಟ್ಟಿಯಿಂದ ಪೂರೈಸಲ್ಲ ಅಂತ ಕ್ಯಾಲರಿ ಎಂಬ ಪದ ಕೇಳದ ಉಸ್ತಾದರಿಗೆ ಗೊತ್ತಿತ್ತು. ತಾಲೀಮು ಬಿಟ್ಟ ಮೇಲೂ ಖುರಾಕು ಬಿಡದ ಹಳೇ ಪೈಲ್ವಾನರ ಹೊಟ್ಟೆ ಏನಾಗುತ್ತೆ ಅನ್ನೋದೂ ಊರಿಗೆಲ್ಲ ಗೊತ್ತಿತ್ತು.

ಅದೇ ದಾರಿ ಹಿಡಿದೆ. ತಟ್ಟೆಯನ್ನು ಮುಟ್ಟಲಿಲ್ಲ, ಅದರ ಮೇಲೆ ಸಣ್ಣಸಣ್ಣದ್ದನ್ನು ಇಟ್ಟೆ. ಓಡುವ ಮುಂಚೆ ಒಂದರ ಬದಲು ಎರಡು ಬಾಳೆಹಣ್ಣು. ಓಟ್ಸ್ ಮೇಲೆ ಹುರಿದು ಕುಟ್ಟಿದ ಶೇಂಗಾ ಇಪ್ಪತ್ತು ಗ್ರಾಂ, ಒಂದು ಹಿಡಿಯೂ ಆಗಲ್ಲ, 110 ಕ್ಯಾಲರಿ. ಮಧ್ಯಾಹ್ನ ಚಪಾತಿಗೆ ಶೇಂಗಾ ಚಟ್ನಿಪುಡಿ, ಅದಕ್ಕೆ ಒಂದು ಚಮಚ ಎಣ್ಣೆ, 120. ಸಾರಿಗೆ ಒಂದು ಚಮಚ ತುಪ್ಪ, ರಾತ್ರಿ ಮುದ್ದೆಗೆ ಇನ್ನೊಂದು, ಎರಡೂ ಸೇರಿ 90. ಸಂಜೆ ಮೊಳಕೆ ಕಾಳಿನ ಜತೆ ಒಂದು ಕಡಲೆ ಮಿಠಾಯಿ ಅಥವಾ ಎಳ್ಳಿನ ಚಿಗಳಿ, 150. ಮೊಟ್ಟೆಯ ಹಳದಿ ಎಸೆಯೋದನ್ನು ನಿಲ್ಲಿಸಿದೆ, 110. ಎಲ್ಲ ಕೂಡಿ 635 ಕ್ಯಾಲರಿ. ಹೊಸದಾಗಿ ಹೊಟ್ಟೆಗೆ ಹೋದದ್ದರ ತೂಕ 165 ಗ್ರಾಂ. ಊಟದ ಹೊತ್ತು ಬದಲಾಗಲಿಲ್ಲ, ಹೊಟ್ಟೆಗೂ ಗೊತ್ತಾಗಲಿಲ್ಲ.

ಮೊಟ್ಟೆಯ ಹಳದಿಗೆ ಯಾಕೆ ಅಷ್ಟು ಹೆದರಿದ್ದೆನೋ ಗೊತ್ತಿಲ್ಲ. ಕಬ್ಬಿಣ, ವಿಟಮಿನ್ ಎ, ಡಿ, ಬಿ12 ಇರೋದು ಬಹುಪಾಲು ಅದರಲ್ಲೇ. ಕೊಲೆಸ್ಟ್ರಾಲ್, ಸಕ್ಕರೆ ಕಾಯಿಲೆ ಇದ್ದವರು ಎಷ್ಟು ತಿನ್ನಬಹುದು ಅಂತ ಡಾಕ್ಟರನ್ನು ಕೇಳಿಕೊಳ್ಳಲಿ. ತುಪ್ಪ, ಕೊಬ್ಬರಿ ಎರಡರಲ್ಲೂ ಗಟ್ಟಿ ಕೊಬ್ಬು ಜಾಸ್ತಿ. ಹಾಗಾಗಿ ಚಮಚದ ಲೆಕ್ಕದಲ್ಲಿರಲಿ, ಹೆಚ್ಚಿನ ಪಾಲು ಶೇಂಗಾ, ಎಳ್ಳು, ಗುರೆಳ್ಳು, ಬಾದಾಮಿಯಿಂದ ಬರಲಿ. ಬೆಲ್ಲದ ಬಗ್ಗೆಯೂ ಒಂದು ಮಾತು. ಬೆಲ್ಲ ಅಂದರೆ ಸಕ್ಕರೆಯ ಅಣ್ಣ, ಬೇರೆ ಮನೆಯವನಲ್ಲ. ಒಂದಿಷ್ಟು ಖನಿಜ ಇದೆ ನಿಜ, ಆದರೆ ಅದನ್ನು ನಂಬಿ ಉಂಡೆಗಟ್ಟಲೆ ತಿನ್ನೋ ಹಾಗಿಲ್ಲ. ಓಡುವ ದಿನ ಒಂದು ಚಿಕ್ಕಿ, ತೊಂದರೆಯಿಲ್ಲ.

"ಹಾಗಿದ್ರೆ ಬಜ್ಜಿ ಬೋಂಡ ತಿಂದ್ರೆ ಆಯ್ತಲ್ಲ, ಅದ್ರಲ್ಲೂ ಕ್ಯಾಲರಿ ಇದ್ಯಲ್ಲ" ಅಂದ ಒಬ್ಬ ಗೆಳೆಯ. ಇದೆ. ಮಳೆ ಬಂದ ಸಂಜೆ ನಾನೂ ತಿಂತೀನಿ. ಆದರೆ ದಿನದ ಕೊರತೆಯನ್ನು ಅದರಿಂದಲೇ ತುಂಬಿದರೆ ಬರೋದು ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಮತ್ತು ಉಪ್ಪು. ಮೂಳೆಗೆ, ರಕ್ತಕ್ಕೆ, ಸ್ನಾಯುವಿಗೆ ಬೇಕಾದ್ದು ಅದರಲ್ಲಿ ಕಡಿಮೆ.

ಓಡಿ ಬಂದ ಮೇಲಿನ ಹಸಿವಿಲ್ಲದ ಆ ಹೊತ್ತಿಗೆ ನನಗೆ ಸಿಕ್ಕ ಉಪಾಯ ಕುಡಿಯೋದು. ಅಗಿಯೋಕೆ ಮನಸ್ಸಿಲ್ಲದಿದ್ದರೂ ಕುಡಿಯೋದು ಒಳಗೆ ಹೋಗುತ್ತೆ. ಮೈಸೂರು ಕಡೆಯ ರಾಗಿ ಹುರಿಹಿಟ್ಟು ನಾಲ್ಕು ಚಮಚ, ಕಾಲು ಲೀಟರ್ ಹಾಲು, ಒಂದು ಚೂರು ಬೆಲ್ಲ, ಏಳೆಂಟು ಬಾದಾಮಿ ಕುಟ್ಟಿ ಹಾಕಿ ಕಲಸಿದರೆ 380 ಕ್ಯಾಲರಿ. ಎರಡು ನಿಮಿಷದಲ್ಲಿ ಮುಗಿಯಿತು. ಇಪ್ಪತ್ತು ಕಿಲೋಮೀಟರ್ ಓಡುವ ಭಾನುವಾರಕ್ಕೆ ಇದನ್ನು ಇಟ್ಟುಕೊಂಡಿದ್ದೇನೆ, ಯಾಕೆಂದರೆ ಅವತ್ತು 635 ಎಲ್ಲಿಗೂ ಸಾಲಲ್ಲ.

ಅನ್ನಕ್ಕೆ ಹೆದರೋದು

ಜಿಮ್‌ಗೆ ಹೋಗುವ ಹುಡುಗರಲ್ಲಿ ಒಂದು ನೋಡಿದ್ದೇನೆ. ನೀರಿನಲ್ಲಿ ಕಲಸಿದ ಪ್ರೊಟೀನ್ ಪುಡಿ ಎರಡು ಹೊತ್ತು, ಅನ್ನ ಪೂರ್ತಿ ಬಂದ್. ವ್ಯಾಯಾಮ ಮಾಡುವವರಿಗೆ ಪ್ರೊಟೀನ್ ಜಾಸ್ತಿ ಬೇಕು ಅನ್ನೋದು ನಿಜವೇ. ಎಲ್ಲರಿಗೂ ಕಿಲೋ ತೂಕಕ್ಕೆ 0.83 ಗ್ರಾಂ ಅಂದರೆ, ನಿತ್ಯ ಬೆವರು ಸುರಿಸುವವರಿಗೆ 1.2ರಿಂದ 2 ಗ್ರಾಂವರೆಗೆ. ನನ್ನ ಲೆಕ್ಕದಲ್ಲಿ 75 ಗ್ರಾಂನಿಂದ ಶುರು. ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು-ಮೊಸರು, ಎರಡು ಹೊತ್ತು ಬೇಳೆ ಅಥವಾ ಕಾಳು, ಶೇಂಗಾ, ಚಪಾತಿ-ಮುದ್ದೆಯಲ್ಲಿರೋದು, ಎಲ್ಲ ಸೇರಿ ಅಲ್ಲಿಗೆ ಬರುತ್ತೆ. ಆದರೆ ಒಟ್ಟು ಶಕ್ತಿಯೇ ಕಡಿಮೆ ಬಿದ್ದಾಗ ಮೈ ಪ್ರೊಟೀನನ್ನೂ ಒಲೆಗೆ ಹಾಕುತ್ತೆ. ಸ್ನಾಯು ಕಟ್ಟಲಿ ಅಂತ ದುಡ್ಡು ಕೊಟ್ಟು ತಂದ ಪುಡಿ ಸೌದೆಯಾಗಿ ಉರಿದುಹೋಗುತ್ತೆ. ಮನೆ ಕಟ್ಟೋಕೆ ತಂದ ಸಾಗುವಾನಿಯಲ್ಲಿ ನೀರು ಕಾಯಿಸಿದ ಹಾಗೆ.

ದಿನಕ್ಕೆ ಒಂದು ಗಂಟೆ ಓಡುವವರಿಗೆ ಕಿಲೋ ತೂಕಕ್ಕೆ ಐದರಿಂದ ಏಳು ಗ್ರಾಂ ಕಾರ್ಬೊಹೈಡ್ರೇಟ್ ಬೇಕು ಅಂತ ಕ್ರೀಡಾ ಪೋಷಣೆಯವರು ಹೇಳುತ್ತಾರೆ. ನನಗೆ ಮುನ್ನೂರು ಗ್ರಾಂಗೂ ಮೇಲೆ. ಅನ್ನ, ರೊಟ್ಟಿ, ಮುದ್ದೆ ಬಿಟ್ಟು ಅಷ್ಟು ತರೋಕೆ ಆಗಲ್ಲ. ಜಗತ್ತನ್ನೇ ಸೋಲಿಸುವ ಕೀನ್ಯಾದ ಓಟಗಾರರ ತಟ್ಟೆಯಲ್ಲಿ ದಿನಾ ಇರೋದು ಉಗಾಲಿ. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ಮಾಡುವ, ನಮ್ಮ ಮುದ್ದೆಯ ಅಣ್ಣತಮ್ಮನಂಥ ಊಟ. ಜತೆಗೆ ಸೊಪ್ಪಿನ ಪಲ್ಯ, ಹಾಲು, ಹಾಲು-ಸಕ್ಕರೆ ಹಾಕಿದ ಚಹಾ. ಅಂದಹಾಗೆ ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕದ ಎತ್ತರದ ನಾಡೇ.

ಗಡಿಯಾರ ನಂಬಬೇಡಿ

ಕೈಗೆ ಕಟ್ಟುವ ಗಡಿಯಾರ "ಇವತ್ತು 740 ಸುಟ್ಟಿರಿ" ಅಂತ ಹೊಗಳುತ್ತೆ. ಅದನ್ನು ನಂಬಿ 740 ತಿಂದರೆ ಬೇರೆ ಕಡೆ ತೊಂದರೆ. 2017ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದರು. ನಾಡಿ ಎಣಿಸೋದರಲ್ಲಿ ಪರವಾಗಿಲ್ಲ. ಕ್ಯಾಲರಿ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಸರಾಸರಿ ನೂರಕ್ಕೆ 27 ತಪ್ಪಿತ್ತು, ಎಲ್ಲಕ್ಕಿಂತ ಕೆಟ್ಟದ್ದು 93.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಬೆಳಿಗ್ಗೆ ಅರ್ಧ ಗಂಟೆ ಪಾರ್ಕಿನಲ್ಲಿ ಮಾತಾಡಿಕೊಂಡು ನಡೆಯುವವರಿಗೆ ಈ ಲೇಖನ ಅಲ್ಲ. ಅದರಲ್ಲಿ ಹೆಚ್ಚುವರಿಯಾಗಿ ಹೋಗೋದು ನೂರರೊಳಗೆ. ವಾಕಿಂಗ್ ಮುಗಿಸಿ ಹೋಟೆಲಿನಲ್ಲಿ ತಿನ್ನುವ ಎರಡು ವಡೆಗೆ ಅದು ಸಾಲಲ್ಲ.

ತೂಕ ನಿಂತಿದೆಯೋ ಇಲ್ಲವೋ ಅಂತ ನೋಡೋಕೆ ನಾನು ವಾರಕ್ಕೆ ಮೂರು ಸಲ, ಬೆಳಿಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ ತೂಗಿ, ಸರಾಸರಿ ಬರೆದಿಡುತ್ತೇನೆ. ಒಂದು ದಿನದ ಅಂಕಿಗೆ ಬೆಲೆ ಇಲ್ಲ. ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ನಾಲ್ಕುನೂರು ಐನೂರು ಗ್ರಾಂ ಗ್ಲೈಕೊಜನ್, ಅಂದರೆ ಮೈ ಉಳಿಸಿಟ್ಟುಕೊಳ್ಳುವ ಸಕ್ಕರೆಯ ರೂಪ, ಕೂಡಿಟ್ಟಿರುತ್ತೆ, ಒಂದು ಗ್ರಾಂ ಜತೆ ಮೂರು ಗ್ರಾಂ ನೀರು ಅಂಟಿಕೊಂಡಿರುತ್ತೆ. ದೂರ ಓಡಿದ ಮಾರನೇ ದಿನ ಒಂದು ಕಿಲೋ ಇಳಿದಂತೆ ಕಾಣುತ್ತೆ, ಅಷ್ಟಮಿಯ ಚಕ್ಕುಲಿ ತಿಂದ ಮಾರನೇ ದಿನ ಒಂದು ಕಿಲೋ ಏರಿದಂತೆ. ಎರಡೂ ನೀರು. ಮೂರು ವಾರದ ಸರಾಸರಿ ಒಂದೇ ಸಮ ಇಳಿಯುತ್ತಿದ್ದರೆ ಮಾತ್ರ ನಂಬಿ. ವಾರಕ್ಕೆ ಕಾಲು ಕಿಲೋ ಇಳಿಯುತ್ತಿದ್ದರೆ ದಿನಕ್ಕೆ ಇನ್ನೂ 250ರಿಂದ 300 ಕ್ಯಾಲರಿ ಬೇಕು ಅಂತ ಅರ್ಥ.

ಸರಿಯಾಗಿ ತಿಂದರೂ ಇಳಿಯುತ್ತಲೇ ಇದ್ದರೆ ಅಡುಗೆಮನೆಯಲ್ಲಿ ಕಾರಣ ಹುಡುಕಬೇಡಿ. ಬೇಕು ಅಂತ ಮಾಡದೆ ಆರು ತಿಂಗಳಿಂದ ವರ್ಷದೊಳಗೆ ತೂಕದ ನೂರಕ್ಕೆ ಐದು ಹೋದರೆ ಡಾಕ್ಟರಿಗೆ ತೋರಿಸಲೇಬೇಕು. ಸಕ್ಕರೆ, ಥೈರಾಯ್ಡ್, ಕ್ಷಯ, ಹೊಟ್ಟೆಯ ತೊಂದರೆ, ಏನು ಬೇಕಾದರೂ ಇರಬಹುದು. ನಾನು ಅಡುಗೆಮನೆಗೆ ಹೋದದ್ದು ರಕ್ತ ಪರೀಕ್ಷೆ ಆದ ಮೇಲೆ. ಆ ಮಟ್ಟಿಗೆ ಅತ್ತೆಯ ಪ್ರಶ್ನೆಯೇ ಸರಿಯಾದ ಮೊದಲ ಹೆಜ್ಜೆ.

ಈಗ ತೂಕ 61ರ ಆಸುಪಾಸಿನಲ್ಲಿ ನಿಂತಿದೆ, ಫ್ಯಾನು ಮತ್ತೆ ತಿರುಗುತ್ತಿದೆ. ಕಡಲೆ ಮಿಠಾಯಿ ತಿಂದು ಬೇಜಾರಾಗಿ ಕಳೆದ ತಿಂಗಳು ಊರಿಗೆ ಫೋನ್ ಮಾಡಿ ಅವ್ವನಿಗೆ ಅಂಟಿನುಂಡಿ ಕಳಿಸು ಅಂದೆ. ಅಂಟು, ಒಣ ಕೊಬ್ಬರಿ, ಉತ್ತತ್ತಿ, ಬಾದಾಮಿ, ಬೆಲ್ಲ, ತುಪ್ಪ, ಒಂದೊಂದು ಉಂಡೆಯಲ್ಲಿ ಇನ್ನೂರರ ಹತ್ತಿರ ಕ್ಯಾಲರಿ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅದು ಬಾಣಂತ್ಯಾರಿಗೆ ಮಾಡೂದಲ್ಲೇನೋ ತಮ್ಮಾ. ಯಾರು ಹಡದಾರ ಅಲ್ಲೆ?"

ಡಬ್ಬಿ ಬಸ್ಸಿನಲ್ಲಿ ಬಂತು. ನಲವತ್ತು ಉಂಡೆ.